ಮಿಂಚು ಮೇಲಕ್ಕೆ ಹೋಗುತ್ತಾ? ಅವ್ವ ಕಂಡಿದ್ದು ಏನು, ಗೊತ್ತಿದ್ದವರು ಹೇಳಿ

ಹಾವೇರಿಯವ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಕ್ಯಾನ್ಸಸ್‌ನಲ್ಲಿ, ಹೇಸ್ ಅನ್ನೋ ಸಣ್ಣ ಊರಿನ ಹೊರಗೆ. ಸುತ್ತ ಗೋಧಿ ಹೊಲ, ಬೀದಿದೀಪ ಇಲ್ಲ, ಗುಡ್ಡ ಇಲ್ಲ, ನಮ್ಮ ಕಡೆಯ ಎರೆಹೊಲಕ್ಕಿಂತ ಸಪಾಟು. ಅವ್ವ ಬಂದು ಎರಡು ತಿಂಗಳಾಯಿತು.

ಹೋದ ಶನಿವಾರ ಸಂಜೆ ಆರೂವರೆಗೆ ಜೋರು ಗಾಳಿ ಮಳೆ ಹೊಡೆದು ಪೂರ್ವಕ್ಕೆ ಹೋಯಿತು. ರಾತ್ರಿ ಹನ್ನೆರಡಕ್ಕೆ ನಮ್ಮ ತಲೆ ಮೇಲೆ ಪೂರಾ ಚುಕ್ಕಿ. ಸೆಖೆ ಅಂತ ಇಬ್ಬರೂ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಪೂರ್ವದ ಅಂಚಿನಲ್ಲಿ, ನೆಲಕ್ಕೆ ಅಂಟಿಕೊಂಡ ಹಾಗೆ, ಆಗಾಗ ಮಿಂಚು ಮಿಣಕ್ ಅನ್ನುತ್ತಿತ್ತು. ಗುಡುಗು ಇಲ್ಲವೇ ಇಲ್ಲ. ಮೊಬೈಲ್‌ನಲ್ಲಿ ರಾಡಾರ್ ನೋಡಿದರೆ ಆ ಮಳೆ ಆಗಲೇ ಟೊಪೀಕಾ ಹತ್ತಿರ, ಅಂದರೆ ನಮ್ಮಿಂದ ಸುಮಾರು 300 ಕಿಲೋಮೀಟರ್.

ಅವ್ವ ಇದ್ದಕ್ಕಿದ್ದಂತೆ, "ತಮ್ಮಾ, ಮಿಂಚು ಮ್ಯಾಲಕ್ಕ ಹೋತು ನೋಡು" ಅಂದಳು. ನಾನು ನಕ್ಕೆ. ಮಿಂಚು ಎಲ್ಲಾದರೂ ಮೇಲಕ್ಕೆ ಹೋಗುತ್ತಾ ಅಂದೆ. ಅವಳು ಬಿಡಲಿಲ್ಲ. "ಕೆಂಪಗ ಇತ್ತು, ಸೊಪ್ಪಿನ ಸಮೇತ ಗಜ್ಜರಿ ಕಿತ್ತು ಹಿಡದಂಗ ಇತ್ತು, ಮೋಡದಾಗ ಅಲ್ಲ, ಅದರ ಮ್ಯಾಲ ಖಾಲಿ ಆಕಾಶದಾಗ" ಅಂದಳು. ಕಣ್ಣಿನ ಪೊರೆ ಆಪರೇಷನ್ ಆಗಿ ವರ್ಷವಾಗಿದೆ, ಅದೇ ಏನೋ ಅಂದುಕೊಂಡೆ. ಹದಿನೈದು ನಿಮಿಷ ಬಿಟ್ಟು ನನಗೂ ಕಂಡಿತು! ಆಕಾರ ಗೊತ್ತಾಗಲಿಲ್ಲ. ಮಂಕಾದ, ಸ್ವಲ್ಪ ಕೆಂಪು ಅನ್ನಬಹುದಾದ ಏನೋ ಒಂದು, ಮಿಂಚಿಗಿಂತ ಬಹಳ ಮೇಲೆ, ರೆಪ್ಪೆ ಬಡಿಯುವುದರೊಳಗೆ ಮಾಯ. ಮೊಬೈಲ್ ವಿಡಿಯೋದಲ್ಲಿ ಬರೀ ಕತ್ತಲೆ ಮತ್ತೆ ನಮ್ಮ ಜಗಳ.

ಇದು ಏನು? ಅವ್ವ ದಿನಾ ಕೇಳ್ತಿದ್ದಾಳೆ, "ಯಾರನ್ನರ ಕೇಳಿದ್ಯಾ" ಅಂತ.

ಒಂದುಪ್ರಶ್ನೆ

ಬೇಜಾರಾಗಬೇಡಿ, ಸುಮ್ನೆ ಅನುಮಾನಕ್ಕೆ ಕೇಳ್ತಿದ್ದೇನೆ. ವಿಮಾನದ ಕೆಂಪು ದೀಪ ಅಲ್ವಾ? ಉಲ್ಕೆ? ಕತ್ತಲಲ್ಲಿ ಮಿಂಚು ನೋಡಿದ ಮೇಲೆ ಕಣ್ಣೊಳಗೆ ಅದರ ಗುರುತು ಉಳಿದು ಬೇರೆ ಕಡೆ ಕಂಡ ಹಾಗೆ ಆಗುವುದೂ ಇದೆ. ಎಷ್ಟು ಎತ್ತರದಲ್ಲಿ ಕಂಡಿತು ಅಂತ ಹೇಳದೆ ಯಾರು ಏನು ಹೇಳಿದರೂ ಊಹೆಯೇ. ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ನೆಲದ ಅಂಚಿನಿಂದ ಎಷ್ಟು ಮುಷ್ಟಿ ಮೇಲಿತ್ತು?

ಹಾವೇರಿಯವ

ಒಳ್ಳೆ ಪ್ರಶ್ನೆ. ಅದೇ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ ಅಳತೆ ಮಾಡಿದೆ. ಪಕ್ಕದ ಹೊಲದವರ ಧಾನ್ಯದ ಸೈಲೋ ಇದೆ, ಅದರ ತುದಿ ಅವಳಿಗೆ ನೆನಪಿತ್ತು. ಗಜ್ಜರಿಯ ಬೇರು ಒಂದು ಮುಷ್ಟಿಗಿಂತ ಸ್ವಲ್ಪ ಕೆಳಗೆ, ತಲೆ ಒಂದೂವರೆ ಮುಷ್ಟಿ. ನನಗೆ ಕಂಡದ್ದೂ ಹೆಚ್ಚು ಕಡಿಮೆ ಅಲ್ಲೇ. ಮಿಂಚು ಮಾತ್ರ ಪೂರಾ ಕೆಳಗೆ, ಒಂದೆರಡು ಬೆರಳಿನಷ್ಟು ಎತ್ತರಕ್ಕೆ.

ಮೋಡಮಾಮ

ಹಾಗಿದ್ದರೆ ನಿಮ್ಮ ಅವ್ವ ಕಂಡದ್ದು ಸ್ಪ್ರೈಟ್. ಕೂಲ್‌ಡ್ರಿಂಕ್ ಅಲ್ಲ, ದೊಡ್ಡ ಸಿಡಿಲಿನ ಬೆನ್ನಲ್ಲೇ ಮೋಡದಿಂದ ಬಹಳ ಮೇಲೆ ಒಂದು ಕ್ಷಣ ಹೊಳೆಯುವ ಕೆಂಪು ಬೆಳಕು. ನಾನು ಭೌತಶಾಸ್ತ್ರ ಪಾಠ ಮಾಡುವವನು, ಇದರ ಹುಚ್ಚು ಬಹಳ ವರ್ಷದಿಂದ ಇದೆ, ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಹೊಟ್ಟೆಕಿಚ್ಚು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಸ್ಪ್ರೈಟ್ ಹುಟ್ಟುವುದು ನೆಲದಿಂದ ಸುಮಾರು 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ. 300 ಕಿಲೋಮೀಟರ್ ಆಚೆಯಿಂದ ನೋಡಿದರೆ ಭೂಮಿಯ ಬಾಗು ಸುಮಾರು 7 ಕಿಲೋಮೀಟರ್ ತಿಂದು ಹಾಕುತ್ತದೆ. ಉಳಿದದ್ದಕ್ಕೆ ಕೋನ ಹಾಕಿದರೆ ಕೆಳಗಿನ ತುದಿ 8 ಡಿಗ್ರಿ, ಮೇಲಿನದು 15 ಡಿಗ್ರಿ ಚಿಲ್ಲರೆ. ನಿಮ್ಮ ಅವ್ವನ ಮುಷ್ಟಿ ಲೆಕ್ಕ ಅಷ್ಟೇ ಬಂತು ನೋಡಿ. ಮೋಡದ ತಲೆ 15 ಕಿಲೋಮೀಟರ್ ಇದ್ದರೂ ಅಲ್ಲಿಂದ ಒಂದೂವರೆ ಡಿಗ್ರಿಗೆ ಕಾಣುತ್ತದೆ, ಅದಕ್ಕೇ ಮಿಂಚು ನೆಲಕ್ಕೆ ಅಂಟಿಕೊಂಡ ಹಾಗಿತ್ತು. ವಿಮಾನ ಹಾರುವುದು 10-12 ಕಿಲೋಮೀಟರ್‌ನಲ್ಲಿ, ಅದರ ದೀಪ ಹೀಗೆ ಒಂದು ಸಲ ಹೊಳೆದು ಮಾಯವಾಗುವುದಿಲ್ಲ. ಉಲ್ಕೆಯಾದರೆ ಗೆರೆ ಎಳೆದುಕೊಂಡು ಹೋಗುತ್ತದೆ.

ಆಗುವುದು ಏನು ಅಂದರೆ, ನಾವು ನೋಡುವ ನೆಲಸಿಡಿಲುಗಳಲ್ಲಿ ಹೆಚ್ಚಿನವು ಮೋಡದಿಂದ ಋಣ ವಿದ್ಯುತ್ತನ್ನು ನೆಲಕ್ಕೆ ಇಳಿಸುತ್ತವೆ. ನೂರರಲ್ಲಿ ಸುಮಾರು ಹತ್ತು ಮಾತ್ರ ಉಲ್ಟಾ, ಧನ ವಿದ್ಯುತ್ತನ್ನು ಇಳಿಸುವಂಥವು. ಈ ಹತ್ತರಲ್ಲೂ ಕೆಲವು ರಾಕ್ಷಸ ಗಾತ್ರದವು: ಮೋಡದೊಳಗೆ ಅಡ್ಡಡ್ಡ ಹತ್ತಾರು ಕಿಲೋಮೀಟರ್, ಕೆಲವೊಮ್ಮೆ ನೂರು ದಾಟಿ ಹರಿದಾಡಿ, ಇಡೀ ಮೋಡದ ಪದರದಿಂದ ವಿದ್ಯುತ್ ಬಾಚಿಕೊಂಡು ಒಂದೇ ಕಡೆ ನೆಲಕ್ಕೆ ಸುರಿಯುತ್ತವೆ. ಅಷ್ಟೊಂದು ವಿದ್ಯುತ್ ಒಮ್ಮೆಲೇ ಖಾಲಿಯಾದ ಕೂಡಲೇ ಮೋಡದ ಮೇಲಿನ ಆಕಾಶದಲ್ಲಿ ವಿದ್ಯುತ್ ಸೆಳೆತ ದಿಢೀರ್ ಅಂತ ಏರುತ್ತದೆ.

ಎತ್ತರಕ್ಕೆ ಹೋದ ಹಾಗೆ ಆ ಸೆಳೆತ ಕಡಿಮೆಯಾಗುತ್ತದೆ ನಿಜ. ಆದರೆ ಗಾಳಿ ಅದಕ್ಕಿಂತ ಬೇಗ ತೆಳ್ಳಗಾಗುತ್ತದೆ! 70 ಕಿಲೋಮೀಟರ್‌ನಲ್ಲಿ ಗಾಳಿ ಇಲ್ಲಿಗಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ತೆಳು. ತೇರಿನ ದಿನ ಜಾತ್ರೆಯೊಳಗೆ ಓಡಲು ಆಗುತ್ತಾ? ಎರಡು ಹೆಜ್ಜೆಗೆ ಯಾರಿಗಾದರೂ ಡಿಕ್ಕಿ. ಅದೇ ಬೀದಿಯಲ್ಲಿ ನಡುರಾತ್ರಿ ಒಬ್ಬನೇ ಓಡಿದರೆ ಎಷ್ಟು ವೇಗ ಬೇಕಾದರೂ ಬರುತ್ತದೆ. ಎಲೆಕ್ಟ್ರಾನಿಗೂ ಹಾಗೆಯೇ. ಅಲ್ಲಿ ಸಣ್ಣ ಸೆಳೆತವೇ ಸಾಕು, ವೇಗ ಹಿಡಿದು ಹೋಗಿ ನೈಟ್ರೋಜನ್‌ಗೆ ಗುದ್ದುತ್ತದೆ, ನೈಟ್ರೋಜನ್ ಕೆಂಪಗೆ ಹೊಳೆಯುತ್ತದೆ. ಅಂದರೆ ಅದು ಬಿಸಿ ಬೆಂಕಿಯಲ್ಲ. ಸಿಡಿಲಿಗಿಂತ ಟ್ಯೂಬ್‌ಲೈಟಿಗೆ ಹತ್ತಿರದ ನೆಂಟ. ಕೆಳಗಿನ ಬೇರುಗಳು ಕೆಲವು ಫೋಟೋಗಳಲ್ಲಿ ನೀಲಿಗೆ ತಿರುಗಿರುತ್ತವೆ, ಅಲ್ಲಿ ಗಾಳಿ ಸ್ವಲ್ಪ ದಪ್ಪ ಇರುವುದರಿಂದ ಕೆಂಪು ಹೊಳೆಯುವ ಮೊದಲೇ ಆ ಅಣುಗಳು ಬೇರೆ ಅಣುಗಳಿಗೆ ಗುದ್ದಿ ಶಕ್ತಿ ಕಳೆದುಕೊಳ್ಳುತ್ತವೆ.

ಇನ್ನು ಮೇಲಕ್ಕೋ ಕೆಳಕ್ಕೋ. ಇಲ್ಲಿ ಅವ್ವನಿಗೆ ಅರ್ಧ ಮಾರ್ಕು. ವೇಗದ ಕ್ಯಾಮೆರಾಗಳಲ್ಲಿ ನೋಡಿದಾಗ ಗೊತ್ತಾದದ್ದು, ಸ್ಪ್ರೈಟ್ ಮೋಡದಿಂದ ಏಳುವುದೇ ಇಲ್ಲ. ಮೇಲೆ 70-80 ಕಿಲೋಮೀಟರ್ ಆಸುಪಾಸಿನಲ್ಲಿ ಹುಟ್ಟಿ ಮೊದಲು ಕೆಳಕ್ಕೆ ಬೇರು ಬಿಡುತ್ತದೆ, ಆಮೇಲೆ ಮೇಲಕ್ಕೆ ಟಿಸಿಲು. ಎಲ್ಲ ಕೆಲವೇ ಮಿಲಿಸೆಕೆಂಡಿನಲ್ಲಿ. ಯಾವ ಕಣ್ಣಿಗೂ ದಿಕ್ಕು ತಿಳಿಯುವುದಿಲ್ಲ. ಕೆಳಗೆ ಮಿಂಚಿತು, ಮೇಲೆ ಹೊಳೆಯಿತು, ಆದ್ದರಿಂದ ಮೇಲಕ್ಕೆ ಹೋಯಿತು ಅಂತ ನಮ್ಮ ತಲೆ ಕಥೆ ಕಟ್ಟುತ್ತದೆ. ಅವಳೊಬ್ಬಳೇ ಅಲ್ಲ. ಇದರ ಮೊದಲ ಚಿತ್ರ ಸಿಕ್ಕಿದ್ದು 1989ರ ಜುಲೈ 6ರ ರಾತ್ರಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ಮತ್ತು ಜೊತೆಯವರಿಗೆ. ಅವರು ಹುಡುಕುತ್ತಿದ್ದದ್ದೇ ಬೇರೆ. ರಾಕೆಟ್ ಪ್ರಯೋಗಕ್ಕೆ ಅಂತ ತಂದ, ಮಂದ ಬೆಳಕಿಗೆ ಚುರುಕಾದ ಟಿವಿ ಕ್ಯಾಮೆರಾ ಸರಿ ಇದೆಯಾ ಅಂತ ಆಕಾಶಕ್ಕೆ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು. ಟೇಪಿನಲ್ಲಿ ದೂರದ ಮೋಡದ ಮೇಲೆ ಎರಡು ಬೆಳಕಿನ ಕಂಬ. 1990ರಲ್ಲಿ ಬರೆದ ಪ್ರಬಂಧದ ತಲೆಬರಹದಲ್ಲಿ ಅವರೂ ಅದನ್ನು ಮೇಲ್ಮುಖ ವಿದ್ಯುತ್ ಅಂತಲೇ ಕರೆದಿದ್ದರು!

ಒಂದುಪ್ರಶ್ನೆ

ಸರಿ, ಸೋತೆ. ಆದರೂ ಒಂದು ಕೊಕ್ಕೆ. ಮಿಲಿಸೆಕೆಂಡಿನಲ್ಲಿ ಮುಗಿಯುವ ಮಂಕು ಬೆಳಕಿನಲ್ಲಿ ಸೊಪ್ಪು, ಬೇರು ಎಲ್ಲ ಕಾಣುತ್ತಾ? ಅಮ್ಮನವರು ಆಮೇಲೆ ಟಿವಿಯಲ್ಲೋ ಎಲ್ಲೋ ಚಿತ್ರ ನೋಡಿ ನೆನಪು ಕಲಸಿಕೊಂಡಿರಬಹುದಲ್ವಾ?

ಹಾವೇರಿಯವ

ಆ ರಾತ್ರಿ ಕೂತಲ್ಲೇ ಹೇಳಿದ ಮಾತು ಅದು, ನಾನೇ ಸಾಕ್ಷಿ. ಸ್ಪ್ರೈಟ್ ಅನ್ನೋ ಹೆಸರೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮೋಡಮಾಮ

ಕತ್ತಲಿಗೆ ಹೊಂದಿಕೊಂಡ ಕಣ್ಣಾದರೆ, ಅವತ್ತಿನ ಸ್ಪ್ರೈಟ್ ದೊಡ್ಡದಾಗಿದ್ದರೆ, ಕಾಣುತ್ತದೆ. ಬೆಳಕು ಹೋದ ಮೇಲೂ ಅದರ ಅಚ್ಚು ಕಣ್ಣಲ್ಲಿ ಒಂದು ಕ್ಷಣ ಉಳಿಯುತ್ತದೆ, ನೀವೇ ಹೇಳಿದ ಗುಣ, ಇಲ್ಲಿ ಉಪಕಾರಕ್ಕೆ ಬಂತು. ಹೆಚ್ಚಿನವರಿಗೆ ಬೂದು ಅಥವಾ ಮಂಕು ಕೆಂಪಿನ ಒಂದು ಮಿಣುಕು ಅಷ್ಟೇ. ಇನ್ನೊಂದು ಸಂಗತಿ. ಸೊಪ್ಪಿನ ಜಾಗದಲ್ಲಿ ಹರಡಿಕೊಂಡು ಕೆಳಗೆ ಚೂಪಾಗುವ ಸ್ಪ್ರೈಟ್‌ಗಳಿಗೆ ಸಂಶೋಧಕರು ಇಟ್ಟ ಅಡ್ಡಹೆಸರು ಕ್ಯಾರೆಟ್. ಸುಳ್ಳಲ್ಲ. ಕಂಬದ ಹಾಗಿರುವುದು, ಲೋಳೆಮೀನಿನ ಹಾಗಿರುವುದು ಕೂಡ ಇವೆ. ನಿಮ್ಮ ಅವ್ವ ಯಾರಿಂದಲೂ ಕೇಳದೆ ಗಜ್ಜರಿ ಅಂದಿದ್ದಾರೆ ಅಂದರೆ ನನಗೆ ಇನ್ನು ಅನುಮಾನ ಉಳಿದಿಲ್ಲ.

ಇಂಥ ಮಾತನ್ನು ನಂಬದೆ ಇದ್ದದ್ದಕ್ಕೂ ಉದ್ದ ಕಥೆ ಇದೆ. 1920ರ ದಶಕದಲ್ಲೇ ಸ್ಕಾಟ್ಲೆಂಡಿನ ಸಿ. ಟಿ. ಆರ್. ವಿಲ್ಸನ್, ಕ್ಲೌಡ್ ಚೇಂಬರ್ ಅನ್ನೋ, ಅಣುಕಣಗಳ ಜಾಡು ತೋರಿಸುವ ಉಪಕರಣ ಮಾಡಿ 1927ರಲ್ಲಿ ನೊಬೆಲ್ ತಗೊಂಡವರು, ಮೋಡದ ಮೇಲೆ ಹೀಗೆ ಆಗಲೇಬೇಕು ಅಂತ ಲೆಕ್ಕ ಹಾಕಿ ಬರೆದಿದ್ದರು. ಮೇಲೆ ಹೇಳಿದ ಜಾತ್ರೆಯ ಲೆಕ್ಕ ಅವರದ್ದೇ, ಜಾತ್ರೆ ಮಾತ್ರ ನಂದು. ಪೈಲಟ್‌ಗಳೂ ಆಗಾಗ ಕಂಡಿದ್ದರು. ಚಿತ್ರ ಇಲ್ಲದ ಮಾತಿಗೆ ಬೆಲೆ ಇರಲಿಲ್ಲ. 1989ರ ಆ ಟೇಪ್ ಬಂದ ಮೇಲೆ ನಾಸಾದವರು ಸ್ಪೇಸ್ ಷಟಲ್‌ನ ಹಳೆಯ ವಿಡಿಯೋಗಳನ್ನು ತಿರುಗಿ ಹಾಕಿ ನೋಡಿದರೆ, ಅಲ್ಲಿ ಮೊದಲಿನಿಂದಲೂ ಇತ್ತು! ಯಾರೂ ನೋಡಿರಲಿಲ್ಲ ಅಷ್ಟೇ.

ರಾತ್ರಿಪಾಳಿ

ನಾನು ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿದ್ದೇನೆ, ಮೂಲ ಶಿವಮೊಗ್ಗ. ಈ ಬಯಲುಸೀಮೆ ಸ್ಪ್ರೈಟ್‌ಗಳ ತವರು ಅಂತಲೇ ಹೇಳಬೇಕು. ನಮ್ಮೂರ ಹತ್ತಿರದ ಯಕ್ಕಾ ರಿಜ್ ಅನ್ನೋ ಕಡೆಯಿಂದ ಹವಾಮಾನ ವಿಜ್ಞಾನಿ ವಾಲ್ಟರ್ ಲಯನ್ಸ್ 1993ರ ಜುಲೈನಲ್ಲಿ ಒಂದೇ ರಾತ್ರಿ ಇನ್ನೂರಕ್ಕೂ ಜಾಸ್ತಿ ಸ್ಪ್ರೈಟ್ ರೆಕಾರ್ಡ್ ಮಾಡಿದ್ದರು. ಅಲ್ಲಿಯವರೆಗೆ ಇದು ಎಲ್ಲೋ ಅಪರೂಪ ಅಂದುಕೊಂಡಿದ್ದರು ಜನ.

ಮೊಬೈಲ್ ಬಿಟ್ಟುಬಿಡಿ. ಕ್ಯಾಮೆರಾ ಹೀಗೆ ಇಡಿ: 35 ಅಥವಾ 50 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ, ಅಂಕಿ ಸಣ್ಣದಾದಷ್ಟೂ ಅಗಲ) 1.8 ಅಥವಾ ಅದಕ್ಕಿಂತ ಅಗಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) 6400ರ ಆಸುಪಾಸು, ಟ್ರೈಪಾಡ್, ಫೋಕಸ್ ಕೈಯಿಂದ ಒಂದು ನಕ್ಷತ್ರದ ಮೇಲೆ. ಒಂದೆರಡು ಸೆಕೆಂಡಿನ ಫೋಟೋಗಳನ್ನು ಬಿಡುವಿಲ್ಲದೆ ತೆಗೆಯುತ್ತಾ ಇರಬೇಕು, ಇಲ್ಲಾ ವಿಡಿಯೋ ಹಾಕಿ ಬಿಡಬೇಕು. ಮಿಂಚು ನೋಡಿ ಬಟನ್ ಒತ್ತುತ್ತೇನೆ ಅನ್ನುವ ಆಟ ಇಲ್ಲಿ ನಡೆಯುವುದಿಲ್ಲ, ನಿಮ್ಮ ಬೆರಳು ಏಳುವ ಮೊದಲೇ ಮುಗಿದಿರುತ್ತದೆ. ಮಿಂಚನ್ನು ಚೌಕಟ್ಟಿನ ಕೆಳಗಿನ ಅಂಚಿಗೆ ಇಟ್ಟು ಉಳಿದದ್ದೆಲ್ಲ ಖಾಲಿ ಆಕಾಶಕ್ಕೆ ಬಿಡಿ. ಹೊಸಬರು ಮಾಡುವ ತಪ್ಪೇ ಇದು, ಚಂದದ ಮಿಂಚಿನ ಮೇಲೆ ಆಸೆಪಟ್ಟು ಕ್ಯಾಮೆರಾ ಕೆಳಗೆ ತಿರುಗಿಸುತ್ತಾರೆ. ನಾನೂ ಮಾಡಿದ್ದೆ. ಮೊದಲ ಬೇಸಿಗೆ ಪೂರ್ತಿ ಹಾಗೇ ಹೋಯಿತು.

ಯಾವ ಮಳೆ ಅನ್ನುವುದು ಇನ್ನೂ ಮುಖ್ಯ. ಒಂಟಿ ಮೋಡ ಎಷ್ಟು ಗುಡುಗಿದರೂ ಸಾಮಾನ್ಯವಾಗಿ ಉಪಯೋಗವಿಲ್ಲ. ರಾಡಾರ್‌ನಲ್ಲಿ ಮುಂದೆ ಕೆಂಪು ಸಾಲು, ಅದರ ಹಿಂದೆ ದೊಡ್ಡ ಹಸಿರು ಬಯಲು ಹರಡಿಕೊಂಡಿರಬೇಕು, ಅಂದರೆ ಜೋರು ಮಳೆ ಮುಂದಕ್ಕೆ ಹೋಗಿ ಹಿಂದೆ ಜಿಟಿಜಿಟಿ ಉಳಿದಿರುವ ಭಾಗ. ಮೋಡಮಾಮ ಹೇಳಿದ ಆ ಉದ್ದುದ್ದ ಸಿಡಿಲು ಹರಿಯುವುದು ಅಲ್ಲೇ. ಮಿಂಚು ಕಡಿಮೆಯಾಗಿ ಬೋರು ಹೊಡೆಸುವ ಹೊತ್ತಿಗೆ ಎದ್ದು ಒಳಗೆ ಹೋಗಬೇಡಿ, ಸ್ಪ್ರೈಟ್‌ಗೆ ಅದೇ ಹೊತ್ತು. ದೂರ 200-300 ಕಿಲೋಮೀಟರ್ ಇದ್ದರೆ ಒಳ್ಳೆಯದು. ಗುಡುಗು ಕೇಳುವಷ್ಟು ಹತ್ತಿರ ಇದ್ದರೆ ಕ್ಯಾಮೆರಾ ಬಿಟ್ಟು ಒಳಗೆ ಹೋಗಿ, ಅಲ್ಲಿ ನಿಂತು ಮೇಲಿನದು ಏನೂ ಕಾಣುವುದೂ ಇಲ್ಲ.

ನನಗೆ ಎರಡು ಬೇಸಿಗೆಯಲ್ಲಿ ಸಿಕ್ಕಿದ್ದು ಮೂರು ರಾತ್ರಿ. ಒಂದು ಸಲ ನಾಲ್ಕು ಸಾವಿರ ಫೋಟೋ ನೋಡಿ ನೋಡಿ ಕಣ್ಣು ಸೋತು ಎಲ್ಲ ಅಳಿಸಿ ಹಾಕುವವನಿದ್ದೆ, ಹೆಂಡತಿ ಹಿಂದಿನಿಂದ ಬಂದು "ಇದೇನು ಇಲ್ಲಿ ಕೆಂಪು ಕಲೆ" ಅಂದಳು. ಅದೇ ನನ್ನ ಮೊದಲ ಸ್ಪ್ರೈಟ್. ಸಿಕ್ಕರೆ ಸ್ಪ್ರೈಟಾಕ್ಯುಲರ್ ಅಂತ ನಾಸಾದ ಯೋಜನೆ ಇದೆ, 2022ರಲ್ಲಿ ಶುರುವಾಯಿತು, ನಮ್ಮಂಥವರ ಫೋಟೋ ತೆಗೆದುಕೊಳ್ಳುತ್ತಾರೆ. ಸಮಯ, ಜಾಗ, ದಿಕ್ಕು ಸರಿಯಾಗಿ ಬರೆದಿಟ್ಟುಕೊಳ್ಳಿ.

ಕಡಲಬದಿ

ಉಡುಪಿಯಿಂದ. ಓದುತ್ತಾ ಓದುತ್ತಾ ರಾತ್ರಿ ಒಂದು ಗಂಟೆ ಆಯ್ತು ಮಾರಾಯ್ರೆ. ನನ್ನದು ಎರಡು ಪ್ರಶ್ನೆ. ಒಂದು, ನಮ್ಮ ಕಡೆ ಇದು ಕಾಣುವುದಿಲ್ವಾ? ಎರಡು, ವಿಮಾನಕ್ಕೆ ಇದು ಹೊಡೆಯುತ್ತಾ? ಯಜಮಾನರು ತಿಂಗಳಿಗೆರಡು ಸಲ ದುಬೈಗೆ ಹೋಗಿ ಬರುವವರು, ಅದಕ್ಕೆ ಕೇಳಿದೆ.

ಮತ್ತೆ ಸ್ಪ್ರೈಟ್ ಅನ್ನೋ ಹೆಸರು ನಂಗೆ ಯಾಕೋ ಸರಿ ಹೋಗಲಿಲ್ಲ. ನಮ್ಮ ಅಜ್ಜಿ ನೋಡಿದ್ದರೆ ಕೊಳ್ಳಿದೆವ್ವ ಅನ್ನುತ್ತಿದ್ದರು.

ಮೋಡಮಾಮ

ಮೇಡಂ, ಅಜ್ಜಿ ಬಹಳ ದೂರ ಹೋಗಲಿಲ್ಲ. ಸ್ಪ್ರೈಟ್ ಅಂದರೂ ಒಂದು ಬಗೆಯ ಯಕ್ಷಿಣಿಯೇ. ಅಲಾಸ್ಕ ವಿಶ್ವವಿದ್ಯಾಲಯದ ವಿಜ್ಞಾನಿ ಡೇವಿಸ್ ಸೆಂಟ್‌ಮನ್ ಬೇಕೆಂದೇ ಈ ಹೆಸರು ಇಟ್ಟರು. ಅದು ಹೇಗೆ ಹುಟ್ಟುತ್ತದೆ ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ, ಮೇಲ್ಮುಖ ಗೀಲ್ಮುಖ ಅಂತ ಹೆಸರಿನಲ್ಲೇ ತೀರ್ಪು ಕೊಟ್ಟು ಆಮೇಲೆ ಪೇಚಾಡುವುದು ಬೇಡ ಅಂತ. ಜಾಣತನ ಅಲ್ವಾ? 1994ರಲ್ಲಿ ವಿಮಾನದಿಂದ ಬಣ್ಣದ ಚಿತ್ರ ತೆಗೆದು ಅದು ಕೆಂಪು ಅಂತ ತೋರಿಸಿದ್ದೂ ಅವರ ತಂಡವೇ.

ವಿಮಾನದ ಚಿಂತೆ ಬೇಡ. ಇದು ನಡೆಯುವುದು ವಿಮಾನ ಹಾರುವ ಎತ್ತರದ ನಾಲ್ಕೈದು ಪಟ್ಟು ಮೇಲೆ. ಪೈಲಟ್‌ಗಳು ಹೆದರುವುದು ಕೆಳಗಿನ ಮೋಡಕ್ಕೆ.

ನಮ್ಮ ಕಡೆ ಖಂಡಿತ ಆಗುತ್ತದೆ. ಅಲಹಾಬಾದಿನಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆಯ ಕೇಂದ್ರದಿಂದ ಚಿತ್ರ ತೆಗೆದಿದ್ದಾರೆ. 2022ರ ಮೇ 19ರ ರಾತ್ರಿ ಟಿಬೆಟ್ ಕಡೆಯಿಂದ ಹಿಮಾಲಯದ ಮೇಲೆ ನೂರಕ್ಕೂ ಹೆಚ್ಚು ಸ್ಪ್ರೈಟ್ ಸಿಕ್ಕವು, ಆ ಮಳೆಮೋಡ ನಮ್ಮ ಗಂಗಾ ಬಯಲಿನವರೆಗೂ ಹರಡಿತ್ತು. ಕರ್ನಾಟಕದಲ್ಲಿ ಜೂನ್ ನಂತರ ಆಕಾಶವೇ ಮುಚ್ಚಿರುತ್ತದೆ, ಕಾಣುವ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳು, ಅಂದರೆ ಭರಣಿ, ಕೃತ್ತಿಕಾ ಮಳೆಯ ಹೊತ್ತು, ನಿಮ್ಮ ತಲೆ ಮೇಲೆ ಚುಕ್ಕಿ, ದೂರದಲ್ಲಿ ದೊಡ್ಡ ಮಳೆ, ಮಧ್ಯೆ ಊರಿನ ಬೆಳಕಿಲ್ಲ, ಇಷ್ಟು ಕೂಡಿ ಬರಬೇಕು. ಬಳ್ಳಾರಿ ಆಚೆಯ ಬಯಲಲ್ಲಿ ಕೂತು ತೆಲಂಗಾಣದ ಮೇಲಿನ ಮಳೆ ನೋಡುವುದು ನನ್ನ ಮುಂದಿನ ವರ್ಷದ ಯೋಜನೆ. ಬೆಂಗಳೂರಿನಿಂದಾದರೆ ಮರೆತುಬಿಡಿ.

ಬಂಗಾಳಕೊಲ್ಲಿಗೆ ಇದರಲ್ಲಿ ಒಳ್ಳೆ ಹೆಸರಿದೆ. 2015ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಗಗನಯಾತ್ರಿ ಆಂಡ್ರಿಯಾಸ್ ಮೊಗೆನ್ಸನ್ ಬಾಹ್ಯಾಕಾಶ ನಿಲ್ದಾಣದಿಂದ ಅದರ ಮೇಲಿನ ಮೋಡವನ್ನು ಕೈಯಲ್ಲಿ ಕ್ಯಾಮೆರಾ ಹಿಡಿದು 160 ಸೆಕೆಂಡು ಚಿತ್ರಿಸಿದರು. ಅಷ್ಟರಲ್ಲೇ ಮೋಡದ ತಲೆಯ ಮೇಲೆ 245 ನೀಲಿ ಮಿಂಚು. ಒಂದು ನೀಲಿ ಜೆಟ್ 40 ಕಿಲೋಮೀಟರ್ ಎತ್ತರಕ್ಕೆ ಎದ್ದಿತು. ಇದು ಸ್ಪ್ರೈಟ್ ಅಲ್ಲ, ಇದು ನಿಜವಾಗಿ ಮೋಡದಿಂದಲೇ ಮೇಲಕ್ಕೆ ಹೋಗುವಂಥದ್ದು.

ಒಂದುಪ್ರಶ್ನೆ

ಹಾಗಾದರೆ ಮೇಲಕ್ಕೆ ಹೋಗುವ ಮಿಂಚೂ ಇದೆ ಅಂತಾಯ್ತು! ಅಮ್ಮನವರ ಅರ್ಧ ಮಾರ್ಕು ವಾಪಸ್ ಕೊಡಿ.

ಮೋಡಮಾಮ

ಇದೆ ಇದೆ. ನೀಲಿ ಜೆಟ್ 40-50 ಕಿಲೋಮೀಟರ್‌ಗೆ ನಿಲ್ಲುತ್ತದೆ. ದೈತ್ಯ ಜೆಟ್ ಅಂತ ಇನ್ನೊಂದು, ಮೋಡದ ತಲೆಯಿಂದ ಹೊರಟು ಸ್ಪ್ರೈಟ್‌ನ ಎತ್ತರದವರೆಗೂ ಹೋಗಿ ಮುಟ್ಟುತ್ತದೆ. 2025ರ ಜುಲೈ 3ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ನಿಕೋಲ್ ಏಯರ್ಸ್ ತೆಗೆದ ಫೋಟೋ ಎಲ್ಲ ಕಡೆ ಓಡಾಡಿತಲ್ಲ, ಸ್ಪ್ರೈಟ್ ಅಂತ, ಅದು ಈ ದೈತ್ಯ ಜೆಟ್. ಎಲ್ವ್ಸ್ ಅಂತಲೂ ಇವೆ: ಸಿಡಿಲಿನ ರೇಡಿಯೋ ಅಲೆ ಮೇಲಕ್ಕೆ ಹೋಗಿ 90 ಕಿಲೋಮೀಟರ್ ಆಸುಪಾಸಿನಲ್ಲಿ ಹೊಳಪಿನ ಉಂಗುರ ಎಬ್ಬಿಸುತ್ತದೆ, ಅಗಲ 300-400 ಕಿಲೋಮೀಟರ್, ಆಯಸ್ಸು ಒಂದು ಮಿಲಿಸೆಕೆಂಡಿಗೂ ಕಡಿಮೆ. ಧಾರವಾಡದಿಂದ ಬೆಂಗಳೂರಿನವರೆಗಿನ ಅಗಲಕ್ಕೆ ಹರಡಿ ಸತ್ತರೂ ನಮಗೆ ಕಾಣುವುದಿಲ್ಲ.

ಇದನ್ನು ಬರೆಯುವಾಗ ಒಂದು ನೆನಪಾಗುತ್ತದೆ. 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆಯಿಂದ ಇಸ್ರೇಲಿನ ಇಲಾನ್ ರಾಮೋನ್ ಮತ್ತು ಜೊತೆಯವರು ಸ್ಪ್ರೈಟ್, ಎಲ್ವ್ಸ್ ಎರಡನ್ನೂ ಚಿತ್ರಿಸಿದ್ದರು. ಕಲ್ಪನಾ ಚಾವ್ಲಾ ಇದ್ದದ್ದು ಅದೇ ನೌಕೆಯಲ್ಲಿ. ಫೆಬ್ರವರಿ 1ಕ್ಕೆ ನೌಕೆ ಒಡೆದು ಹೋಯಿತು, ಅಷ್ಟರೊಳಗೆ ಕೆಳಗೆ ಕಳಿಸಿದ್ದ ಚಿತ್ರಗಳು ಉಳಿದವು.

ಹಾವೇರಿಯವ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಡೀ ಚರ್ಚೆಯನ್ನು ಅವ್ವನಿಗೆ ಓದಿ ಹೇಳಿದೆ. ವಿಲ್ಸನ್ ಸಾಹೇಬರ ಬಗ್ಗೆ ಏನೂ ಅನ್ನಲಿಲ್ಲ. ಕ್ಯಾರೆಟ್ ಅಂತಲೇ ಹೆಸರಿದೆ ಅಂದಾಗ ಮಾತ್ರ, "ಮತ್ತ? ನಾ ಏನ್ ಹೇಳಿದ್ನಿ?" ಅಂತ ಹಾವೇರಿಗೆ ಫೋನ್ ಹಚ್ಚಿ ಚಿಕ್ಕವ್ವನಿಗೆ ಅರ್ಧ ಗಂಟೆ ವರದಿ ಕೊಟ್ಟಳು. ಅರ್ಧ ಮಾರ್ಕಿನ ವಿಷಯಕ್ಕೆ ಸಿಟ್ಟಿದೆ. ಮೇಲೆ ಹುಟ್ಟಿ ಕೆಳಗೆ ಇಳಿಯಿತು ಅನ್ನುವುದನ್ನು ಒಪ್ಪುವುದಿಲ್ಲವಂತೆ, ಕಂಡವಳು ಅವಳು, ಮೋಡಮಾಮ ಅಲ್ಲ.

ಮತ್ತೆ ರಾತ್ರಿಪಾಳಿ ಅಣ್ಣ, ಗುರುವಾರ ರಾತ್ರಿ ನೆಬ್ರಾಸ್ಕದ ಮೇಲೆ ದೊಡ್ಡ ಮಳೆ ಇದೆ ಅಂತ ತೋರಿಸುತ್ತಿದೆ, ಇಲ್ಲಿ ಆಕಾಶ ಬಯಲಾಗಿರುತ್ತಂತೆ. ನನ್ನ ಹತ್ತಿರ ಹಳೆಯ ಕ್ಯಾಮೆರಾ ಇದೆ, ಲೆನ್ಸ್ ಮಾತ್ರ 3.5ರದ್ದು. ಐಎಸ್‌ಒ ಏರಿಸಿದರೆ ಅದರಲ್ಲಿ ಏನಾದರೂ ಸಿಗುತ್ತಾ, ಇಲ್ಲಾ 50 ಎಂಎಂ ಒಂದು ತರಿಸಲೇಬೇಕಾ?

ರಾತ್ರಿಪಾಳಿ

3.5ರಲ್ಲಿ ಬಹಳ ದೊಡ್ಡದು ಬಂದರೆ ಮಾತ್ರ. 50 ಎಂಎಂ 1.8 ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ತಗೊಳ್ಳಿ. ಗುರುವಾರದೊಳಗೆ ಬರದಿದ್ದರೆ ಇರುವುದನ್ನೇ ವಿಡಿಯೋಗೆ ಹಾಕಿ, ಉತ್ತರಕ್ಕೆ ತಿರುಗಿಸಿ, ಅಂಚಿನಿಂದ ಎರಡು ಮುಷ್ಟಿ ಮೇಲಿನವರೆಗೆ ಚೌಕಟ್ಟಿಗೆ ಬರಲಿ. ಸೊಳ್ಳೆಗೆ ಏನಾದರೂ ಹಚ್ಚಿಕೊಳ್ಳಿ. ಅವ್ವನ ಕುರ್ಚಿಯನ್ನು ಕ್ಯಾಮೆರಾದ ಪಕ್ಕದಲ್ಲೇ ಹಾಕಿ, ಅವರು "ಹೋತು ನೋಡು" ಅಂದ ಗಳಿಗೆಯ ದನಿ ವಿಡಿಯೋದಲ್ಲಿದ್ದರೆ ಆಮೇಲೆ ಹುಡುಕುವ ಕೆಲಸ ತಪ್ಪುತ್ತದೆ.